ಎಲ್ಲಿಗೆ ನಿಂತಿತ್ತು?

‘ಪ್ರೋಗ್ರೆಸಿವ್ ಪ್ರೆಸ್’ ಎಂದ ಕೂಡಲೇ ಕನ್ನಡ ಸಾಹಿತ್ಯ ಓದಿದವರಿಗೆ ಅನಕೃ, ತರಾಸು ನೆನಪಾಗುವುದು ಸಹಜ. ಪ್ರಗತಿಶೀಲರು ನಡೆಸುತ್ತಿದ್ದ ಯಾವುದೋ ಅಚ್ಚುಕೂಟ ಇರಬೇಕು, ಅಲ್ಲಿಂದ ಅಗ್ಗದ ಬೆಲೆಯ ಕಾದಂಬರಿಗಳು ಹೊರಬಂದಿರಬೇಕು ಅನ್ನಿಸುತ್ತದೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ನಾನು ಬಾಡಿಗೆಗಿರುವ ಮನೆಯ ನೆಲಮಾಳಿಗೆಯಲ್ಲಿ ಇರುವುದು ಬೇರೆ ಜಾತಿಯ ಪ್ರೆಸ್ಸು. ಅದರಿಂದ ಹೊರಬರುವುದು ಪಿಸ್ತೂಲಿನ ಗುಂಡುಗಳು. ಒಮ್ಮೆ ಹಾರಿಸಿ ಖಾಲಿಯಾದ ಹಿತ್ತಾಳೆಯ ಕೊಳವೆಗಳನ್ನು ಆಯ್ದು ತಂದು, ಅವಕ್ಕೆ ಮತ್ತೆ ಮದ್ದು, ಗುಂಡು ತುಂಬುವ ಹವ್ಯಾಸ ಈ ದೇಶದಲ್ಲಿ ಲಕ್ಷಾಂತರ ಜನಕ್ಕಿದೆ. ಸ್ವಂತ ಬಳಕೆಗಾದರೆ ಫೆಡರಲ್ ಪರವಾನಗಿ ಬೇಡ, ಮಾರುವುದಾದರೆ ಬೇಕು. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಇದನ್ನು ಪರವಾನಗಿ ಇಲ್ಲದೆ ಮಾಡಿದರೆ ಜೈಲು. ಇಲ್ಲಿ ಇದು ಉಪ್ಪಿನಕಾಯಿ ಹಾಕಿದಷ್ಟೇ ಮನೆಗೆಲಸ. ತಲೆಗಂಬಳಿ ಹೊದ್ದ ಮೇಜು, ಹಳೆಯ ರೇಡಿಯೋ, ಗೋಡೆಗೆ ನೇತುಹಾಕಿದ ಸುತ್ತಿಗೆಗಳ ನಡುವೆ ಅದೂ ಒಂದು.

ಮಲೆನಾಡಿನವರಿಗೆ ಇದರ ಭಾಷೆ ತೀರಾ ಹೊಸದಲ್ಲ. ಕೋವಿ, ತೋಟೆ, ಮದ್ದು, ಕೇಪು, ಈಡು: ಬೆಳೆ ಕಾಯಲು ಪರವಾನಗಿಯ ಕೋವಿ ಇಟ್ಟುಕೊಂಡ ಮನೆಗಳಲ್ಲಿ ಬೆಳೆದವರಿಗೆ ಈ ಪದಗಳು ಹಾರೆ, ಗುದ್ದಲಿಯಷ್ಟೇ ಪರಿಚಿತ. ಹಾಗಾಗಿ ಮನೆಯ ಓನರ್ ಮೊದಲ ಸಲ ಯಂತ್ರ ತೋರಿಸಿ ‘ಪ್ರೈಮರ್’ ಎಂದಾಗ ನನ್ನ ತಲೆಯಲ್ಲಿ ‘ಕೇಪು’ ಎಂಬ ಪದವೇ ಮೂಡಿತು. ಇಲ್ಲಿಯೂ ಅದನ್ನೇ ಬಳಸುತ್ತೇನೆ. ತೋಟೆಯ ಬುಡದಲ್ಲಿ ಕೂರುವ, ಮಸೂರಕಾಳಿಗಿಂತ ತುಸು ದಪ್ಪನೆಯ ಲೋಹದ ಬಟ್ಟಲು ಅದು. ಪೆಟ್ಟು ಬಿದ್ದರೆ ಕಿಡಿ ಕಾರುತ್ತದೆ. ಆ ಕಿಡಿ ಮದ್ದಿಗೆ, ಮದ್ದಿನ ಒತ್ತಡ ಗುಂಡಿಗೆ.

ಓನರ್‌ಗೆ 74 ವರ್ಷ. ನಾನು ಅವರನ್ನು ಮನಸ್ಸಿನಲ್ಲಿ ಅಜ್ಜ ಎಂದೇ ಕರೆಯುವುದು. ಲೇಥ್ ಮೇಲೆ ನಲವತ್ತು ವರ್ಷ ಕೆಲಸ ಮಾಡಿ ನಿವೃತ್ತರಾದವರು. ಹೆಂಡತಿ ತೀರಿಕೊಂಡಿದ್ದಾರೆ, ಮಗಳು ಇನ್ನೊಂದು ರಾಜ್ಯದಲ್ಲಿದ್ದಾಳೆ. ಪ್ರತಿ ಭಾನುವಾರ ಫೋನ್ ಮಾಡಿ, ಆ ಯಂತ್ರ ಮಾರಿಬಿಡು ಎನ್ನುತ್ತಾಳೆ. ಕಳೆದ ಒಂದು ವರ್ಷದಿಂದ ಅಜ್ಜ ಕಾರಿನ ಕೀಲಿಯನ್ನು ಫ್ರಿಡ್ಜಿನಲ್ಲಿ ಬಿಡುವುದು, ಕೇಳಿದ್ದನ್ನೇ ಅರ್ಧ ಗಂಟೆಯೊಳಗೆ ಮತ್ತೆ ಕೇಳುವುದು ಅವಳಿಗೂ ಗೊತ್ತು, ಅವರಿಗೂ ಗೊತ್ತು.

ಯಂತ್ರದ ಕೆಲಸ ಹೀಗೆ. ಒಂದು ದುಂಡು ತಟ್ಟೆ, ಅದರ ಅಂಚಿನಲ್ಲಿ ನಾಲ್ಕು ಗಾಡಿಗಳು. ಚೌಕಾಬಾರದ ಮನೆಗಳೆಂದುಕೊಳ್ಳಿ. ಬಲಗಡೆ ಉದ್ದನೆಯ ಹಿಡಿಕೆ. ಹಿಡಿಕೆಯನ್ನು ಕೆಳಗೆ ಎಳೆದರೆ ತಟ್ಟೆ ಮೇಲೇಳುತ್ತದೆ, ನಾಲ್ಕೂ ಮನೆಗಳಲ್ಲಿ ನಿಂತ ತೋಟೆಗಳು ಮೇಲಿನ ನಾಲ್ಕು ಅಚ್ಚುಗಳೊಳಗೆ ಒಮ್ಮೆಗೇ ಹೋಗುತ್ತವೆ. ಒಂದನೇ ಮನೆಯಲ್ಲಿ ಉಬ್ಬಿದ ಕೊಳವೆ ಮತ್ತೆ ಅಳತೆಗೆ ಬರುತ್ತದೆ, ಸುಟ್ಟ ಹಳೆಯ ಕೇಪು ಉದುರುತ್ತದೆ. ಎರಡನೆಯದರಲ್ಲಿ ಮೇಲಿನ ಡಬ್ಬಿಯಿಂದ ಒಂದು ಅಳತೆ ಮದ್ದು ಬೀಳುತ್ತದೆ, ಬಾಯಿ ಚೂರು ಅರಳುತ್ತದೆ. ಮೂರನೆಯದರಲ್ಲಿ ಗುಂಡು ಕೂರುತ್ತದೆ. ನಾಲ್ಕನೆಯದರಲ್ಲಿ ಅರಳಿದ ಬಾಯಿ ಬಿಗಿಯಾಗುತ್ತದೆ. ಹಿಡಿಕೆ ವಾಪಸು ಮೇಲೆತ್ತಿ, ಕೊನೆಯಲ್ಲಿ ಒಂದಿಷ್ಟು ಮುಂದಕ್ಕೆ ದೂಡಿದರೆ ಒಂದನೇ ಮನೆಯ ಕೊಳವೆಗೆ ಕೆಳಗಿನಿಂದ ಹೊಸ ಕೇಪು ಒತ್ತಿ ಕೂರುತ್ತದೆ. ಆಮೇಲೆ ಹೆಬ್ಬೆರಳಿನಿಂದ ತಟ್ಟೆಯನ್ನು ಕಾಲು ಸುತ್ತು ತಿರುಗಿಸಬೇಕು. ಎಲ್ಲರೂ ಒಂದೊಂದು ಮನೆ ಮುಂದೆ ಹೋಗುತ್ತಾರೆ. ನಾಲ್ಕನೆಯವನು ಹಣ್ಣಾಗಿ ‘ಟಣ್’ ಎಂದು ಡಬ್ಬಿಗೆ ಬೀಳುತ್ತಾನೆ. ತಟ್ಟೆಯನ್ನು ತಾನೇ ತಿರುಗಿಸಿಕೊಳ್ಳುವ ಯಂತ್ರಗಳೂ ಇವೆ. ಅಜ್ಜನದು ಕೈಯಿಂದ ತಿರುಗಿಸುವಂಥದ್ದು. ಅದು ನೆನಪಿನಲ್ಲಿರಲಿ.

ಹೀಗೆ ನಡೆಯುತ್ತಿರುವಾಗ ನೋಡಲು ಬಹಳ ಹಿತ. ಬಲಗೈಯಲ್ಲಿ ಖಾಲಿ ಕೊಳವೆ, ಎಡಗೈಯಲ್ಲಿ ಗುಂಡು, ಎಳೆ, ದೂಡು, ತಿರುಗಿಸು. ಗಂಟೆಗೆ ಮುನ್ನೂರು ನಾನೂರು ತೋಟೆ. ಅಜ್ಜಿ ಶ್ಯಾವಿಗೆ ಒತ್ತುವಾಗಿನ ಲಯ.

ನಾನು ನೋಡುವುದು ಮಾತ್ರ. ಇದನ್ನು ಸ್ಪಷ್ಟವಾಗಿ ಹೇಳಬೇಕು, ಏಕೆಂದರೆ ಮುಂದಿನದೆಲ್ಲ ಇದರ ಮೇಲೆ ನಿಂತಿದೆ. ವಿದ್ಯಾರ್ಥಿ ವೀಸಾದಲ್ಲಿ ಇರುವವರು ಕೋವಿಯನ್ನಾಗಲಿ ಮದ್ದುಗುಂಡನ್ನಾಗಲಿ ಹೊಂದುವಂತಿಲ್ಲ ಎನ್ನುತ್ತದೆ ಇಲ್ಲಿನ ಫೆಡರಲ್ ಕಾನೂನು. ಬೇಟೆಯ ಪರವಾನಗಿಯಂಥ ಕೆಲವು ವಿನಾಯಿತಿಗಳಿವೆ, ನನಗೆ ಅವು ಯಾವುವೂ ಇಲ್ಲ. ಸ್ವಾರಸ್ಯವೆಂದರೆ ಆ ಕಾನೂನಿನ ವ್ಯಾಖ್ಯೆಯಲ್ಲಿ ‘ಮದ್ದುಗುಂಡು’ ಅಂದರೆ ಪೂರ್ತಿ ತೋಟೆಯೊಂದೇ ಅಲ್ಲ. ಬರಿಯ ಕೊಳವೆ, ಬರಿಯ ಕೇಪು, ಬರಿಯ ಗುಂಡು, ಬರಿಯ ಮದ್ದು ಕೂಡ ಅದೇ. ನೆಲದ ಮೇಲೆ ಉರುಳಿ ಬಂದ ಖಾಲಿ ಕೊಳವೆಯನ್ನು ಎತ್ತಿ ಜೇಬಿಗಿಳಿಸುವ ಧೈರ್ಯವೂ ನನಗಿಲ್ಲ. ಆದ್ದರಿಂದ ನೆಲಮಾಳಿಗೆಯಲ್ಲಿ ನನ್ನ ಸ್ಥಾನ ಮೂಲೆಯ ಸ್ಟೂಲು. ಕಾಫಿ ಲೋಟ ಒಯ್ಯುವಂತಿಲ್ಲ. ಸುಟ್ಟ ಕೇಪಿನ ಧೂಳಿನಲ್ಲಿ ಸೀಸ ಇರುತ್ತದೆ, ಅಲ್ಲಿ ತಿನ್ನಬಾರದು ಕುಡಿಯಬಾರದು ಎಂಬುದು ಅಜ್ಜನ ನಿಯಮ.

ಕಳೆದ ಅಕ್ಟೋಬರ್ ಕೊನೆಯ ವಾರ ಅವರು ಗುಂಡು ಹಾರಿಸುವ ಮೈದಾನದಿಂದ ಬೇಗನೆ ವಾಪಸು ಬಂದರು. ಒಂದು ಈಡು ‘ಢಂ’ ಎನ್ನುವ ಬದಲು ‘ಪುಸ್’ ಎಂದಿತ್ತು. ಅವರು ಅಲ್ಲೇ ನಿಲ್ಲಿಸಿ ಪಿಸ್ತೂಲು ಬಿಚ್ಚಿ ನೋಡಿದರೆ ಗುಂಡು ನಳಿಗೆಯ ಮಧ್ಯೆ ಕೂತಿತ್ತು. ಆ ತೋಟೆಯಲ್ಲಿ ಮದ್ದೇ ಇರಲಿಲ್ಲ. ಬರಿಯ ಕೇಪಿನ ಬಲ ಗುಂಡನ್ನು ನಳಿಗೆಯೊಳಕ್ಕೆ ದೂಡಿ ಕೈಬಿಟ್ಟಿತ್ತು. ಶಬ್ದದ ವ್ಯತ್ಯಾಸ ಗಮನಿಸದೆ ಇನ್ನೊಂದು ಹಾರಿಸಿದ್ದರೆ ನಳಿಗೆ ಉಬ್ಬುತ್ತಿತ್ತು ಅಥವಾ ಸೀಳುತ್ತಿತ್ತು. ಅವರ ಕಿವಿ ಅವರನ್ನು ಉಳಿಸಿತ್ತು. ಆದರೆ ಮುಖದಲ್ಲಿ ಸಮಾಧಾನ ಇರಲಿಲ್ಲ. ಮದ್ದಿಲ್ಲದ ತೋಟೆ ಒಂದು ಹುಟ್ಟಿದೆ ಎಂದರೆ ಅದರ ಅವಳಿಯೂ ಎಲ್ಲೋ ಹುಟ್ಟಿರಬಹುದು: ಎರಡು ಅಳತೆ ಮದ್ದು ಬಿದ್ದ ತೋಟೆ. ಅದು ‘ಪುಸ್’ ಎಂದು ಮುನ್ಸೂಚನೆ ಕೊಡುವುದಿಲ್ಲ.

ಎರಡು ಅಳತೆ ಬಿದ್ದರೆ ಉಕ್ಕಿ ಚೆಲ್ಲುವುದಿಲ್ಲವೇ ಎಂದು ನೀವು ಕೇಳಬಹುದು, ನಾನೂ ಕೇಳಿದೆ. ಅಜ್ಜ ಬಳಸುವ ಮದ್ದು ಕಡಿಮೆ ಜಾಗದಲ್ಲಿ ಹೆಚ್ಚು ಕೆಲಸ ಮಾಡುವಂಥದ್ದು. 9 ಎಂ.ಎಂ. ತೋಟೆಗೆ ನಾಲ್ಕೈದು ಗ್ರೇನ್ ಸಾಕು. ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ, ಒಂದು ಪೌಂಡಿಗೆ 7,000. ನಾಲ್ಕೈದು ಗ್ರೇನ್ ಎಂದರೆ ನಮ್ಮ ಲೆಕ್ಕದಲ್ಲಿ ಎರಡು ಗುಲಗಂಜಿಗಿಂತ ತುಸು ಹೆಚ್ಚು. ಅಷ್ಟು ಮದ್ದು ಕೊಳವೆಯ ಅರ್ಧವನ್ನೂ ತುಂಬುವುದಿಲ್ಲ. ಎರಡನೇ ಸಲ ಬಿದ್ದರೂ ಮೇಲೆ ಗುಂಡು ಕೂರುತ್ತದೆ, ಹೊರಗಿನಿಂದ ಏನೂ ಕಾಣುವುದಿಲ್ಲ. ಇದಕ್ಕೇ ಕೆಲವರು ಬೇಕೆಂದೇ ಹಗುರ, ಉಬ್ಬು ಮದ್ದನ್ನು ಆರಿಸಿಕೊಳ್ಳುತ್ತಾರೆ. ಎರಡು ಸಲ ಬಿದ್ದರೆ ಚೆಲ್ಲಿ ತಾನೇ ಚಾಡಿ ಹೇಳಲಿ ಎಂದು. ನನಗೇನೋ ಅದೇ ಬುದ್ಧಿವಂತಿಕೆ ಎನ್ನಿಸುತ್ತದೆ. ಅಜ್ಜನ ಬಳಿ ಹಳೆಯ ಮದ್ದಿನ ದೊಡ್ಡ ಡಬ್ಬಿ ಇತ್ತು, ಅದನ್ನು ಮುಗಿಸಬೇಕಿತ್ತು.

ಎರಡು ದಿನ ಬಿಟ್ಟು ಅವರು ನನ್ನ ಕೋಣೆಯ ಬಾಗಿಲು ತಟ್ಟಿದರು. ಹಿಡಿಕೆ ಮುಂದಕ್ಕೆ ದೂಡುವಾಗ ಸಿಕ್ಕಿಕೊಳ್ಳುತ್ತಿದೆ, ಕೇಪು ಕೂರುತ್ತಿಲ್ಲ, ಪ್ರತಿ ಇಪ್ಪತ್ತೋ ಮೂವತ್ತೋ ಎಳೆತಕ್ಕೊಮ್ಮೆ, ಎರಡು ತಿಂಗಳಿಂದ ಹೀಗೆಯೇ ಎಂದರು. ಆಮೇಲೆ ತಲೆ ತಗ್ಗಿಸಿ, ಮರೆಯುತ್ತಿರುವುದು ಯಂತ್ರವೋ ನಾನೋ ಗೊತ್ತಾಗುತ್ತಿಲ್ಲ, ನೀನು ಪಕ್ಕದಲ್ಲಿ ಕೂತು ನೋಡಿದ್ದನ್ನು ಬರೆದಿಡುತ್ತೀಯಾ ಎಂದು ಕೇಳಿದರು. ನನ್ನನ್ನು ಕೇಳಿದ್ದಕ್ಕೆ ಅವರದೇ ಕಾರಣ ಇತ್ತು. ನೀನು ಓದುವುದೇ ತಪ್ಪುಗಳ ಬಗ್ಗೆ ಅಲ್ಲವೇ ಎಂದರು.

ಒಂದು ರೀತಿಯಲ್ಲಿ ಹೌದು. ನನ್ನ ಸಂಶೋಧನೆ ಕನ್ನಡ ಓಲೆಗರಿ ಪ್ರತಿಗಳ ಪಾಠದ ಮೇಲೆ. ಲಿಪಿಕಾರ ಮೂಲವನ್ನು ನೋಡುತ್ತಾನೆ, ಕಣ್ಣು ತನ್ನ ಗರಿಗೆ ತರುತ್ತಾನೆ, ಬರೆಯುತ್ತಾನೆ, ಮತ್ತೆ ಮೂಲಕ್ಕೆ ಮರಳುತ್ತಾನೆ. ಅಪಾಯ ಇರುವುದು ಮರಳುವಾಗ. ಒಂದೇ ಪದ ಎರಡು ಸಾಲುಗಳಲ್ಲಿ ಬಂದಿದ್ದರೆ ಕಣ್ಣು ಕೆಳಗಿನದಕ್ಕೆ ಹೋಗಿ ನಿಲ್ಲುತ್ತದೆ, ನಡುವಿನದು ಬಿಟ್ಟುಹೋಗುತ್ತದೆ. ಅಥವಾ ಮೇಲಿನದಕ್ಕೇ ಹೋಗುತ್ತದೆ, ಬರೆದದ್ದನ್ನೇ ಮತ್ತೆ ಬರೆಯುತ್ತಾನೆ. ಒಂದು ಲೋಪ, ಇನ್ನೊಂದು ಪುನರುಕ್ತಿ. ಎರಡಕ್ಕೂ ಕಾರಣ ಒಂದೇ: ಎಲ್ಲಿಗೆ ನಿಲ್ಲಿಸಿದ್ದೆ ಎಂಬುದು ತನಗೆ ಗೊತ್ತಿದೆ ಎಂಬ ನಂಬಿಕೆ. ಅಜ್ಜನಿಗೆ ಇದನ್ನು ಹಿಂದೊಮ್ಮೆ ಊಟದ ಹೊತ್ತಿನಲ್ಲಿ ಹೇಳಿದ್ದೆ. ಮರೆತಿರಲಿಲ್ಲ.

ನವೆಂಬರ್‌ನಲ್ಲಿ ಮೂರು ಸಂಜೆ ಕೂತೆವು. ಮೂರೂ ದಿನ ಡಬ್ಬಿಯಲ್ಲಿ ಮದ್ದಿರಲಿಲ್ಲ. ದೋಷ ಹುಡುಕುವಾಗ ಮದ್ದಿಲ್ಲದೆ ನಡೆಸಬೇಕು ಎಂದು ಅವರೇ ಹೇಳಿದರು. ಹಾಗೆ ಆದ ತೋಟೆಗಳನ್ನು ಕೆಂಪು ಬಣ್ಣ ಬಳಿದ ಬೇರೆ ಬಕೆಟ್ಟಿಗೆ ಹಾಕಿದೆವು, ಅಂದರೆ ಅವರು ಹಾಕಿದರು, ಆಮೇಲೆ ಬಿಚ್ಚಲಿಕ್ಕೆ. ನಾನು ಬರೆದದ್ದು ಎಳೆತದ ಸಂಖ್ಯೆ, ಸಿಕ್ಕಿಕೊಂಡದ್ದು ಯಾವಾಗ, ಎಲ್ಲಿ, ಅವರು ಮುಂದೆ ಏನು ಮಾಡಿದರು. ಒಟ್ಟು 412 ಎಳೆತ, 17 ತಡೆ.

ಇಂಥ ದೋಷಕ್ಕೆ ಯಂತ್ರದಲ್ಲೇ ಹತ್ತು ಕಾರಣ ಇರಬಹುದು. ಸುಟ್ಟ ಕೇಪಿನ ಪುಡಿ ತಟ್ಟೆಯಡಿ ಸೇರಿ ತಟ್ಟೆ ಒರಟಾಗಿ ತಿರುಗುವುದು, ತಟ್ಟೆ ಸಡಿಲವಾಗಿ ಕೊಳವೆ ಓರೆಯಾಗುವುದು, ಕೇಪು ಇಳಿಯುವ ನಳಿಕೆಯ ತುದಿ ಸವೆದು ಅದು ಮಗುಚಿಕೊಂಡು ಬರುವುದು, ಕೇಪು ಒತ್ತುವ ಕಡ್ಡಿ ಮಧ್ಯಕ್ಕೆ ಸರಿಯಾಗಿ ನಿಲ್ಲದಿರುವುದು. ಅಜ್ಜ ಎಲ್ಲವನ್ನೂ ಬಿಚ್ಚಿ ಒರೆಸಿ ಜೋಡಿಸಿದ್ದರು. ಲೇಥಿನ ಮನುಷ್ಯ, ಯಂತ್ರವನ್ನು ಮೊದಲು ಅನುಮಾನಿಸುವುದು ಸಹಜ. ಕೊಳವೆಗಳನ್ನು ಅವರು ಅನುಮಾನಿಸಿರಲಿಲ್ಲ.

ಎರಡನೇ ಸಂಜೆ ನಾನು ಸಿಕ್ಕಿಕೊಂಡ ಕೊಳವೆಗಳನ್ನು ಬೇರೆ ತಟ್ಟೆಯಲ್ಲಿ ನಿಲ್ಲಿಸಲು ಹೇಳಿದೆ. ಪ್ರತಿಯೊಂದರ ಬುಡದಲ್ಲೂ ತಯಾರಕರ ಅಕ್ಷರಗಳು ಒತ್ತಿರುತ್ತವೆ. ಬೂದುಗಾಜು ಹಿಡಿದು ಬಗ್ಗಿ ಓದಿದೆ. ಹೆಚ್ಚಿನವುಗಳ ಮೇಲೆ ಅಕ್ಷರಗಳ ಜೊತೆ ಒಂದು ಸಣ್ಣ ಗುರುತು: ವೃತ್ತ, ಅದರೊಳಗೆ ಅಡ್ಡ ಉದ್ದ ಗೆರೆ. ಅದು ನೇಟೊ ಪಡೆಗಳ ಅಳತೆಗೆ ಮಾಡಿದ ತೋಟೆಯ ಗುರುತು. ಸೈನ್ಯದ ತೋಟೆಗಳಲ್ಲಿ ಯಂತ್ರಬಂದೂಕಿನ ಅಲುಗಾಟಕ್ಕೆ ಕೇಪು ಕಳಚಿ ಬೀಳದಿರಲೆಂದು ಅದರ ಸುತ್ತಲಿನ ಹಿತ್ತಾಳೆಯನ್ನು ಒಳಮುಖವಾಗಿ ಬಿಗಿದಿರುತ್ತಾರೆ. ಹಳೆಯ ಕೇಪು ಹೇಗೋ ಹೊರಬರುತ್ತದೆ, ಆದರೆ ಬಿಗಿದ ತುಟಿ ಹಾಗೇ ಉಳಿಯುತ್ತದೆ. ಹೊಸ ಕೇಪು ಅದಕ್ಕೆ ತಾಗಿ ನಿಲ್ಲುತ್ತದೆ. ಆ ತುಟಿಯನ್ನು ಮೊದಲೇ ಕೆರೆದು ಅಥವಾ ಒತ್ತಿ ತೆಗೆಯಬೇಕು. ಅಜ್ಜ ಬೇಸಿಗೆಯಲ್ಲಿ ಮೈದಾನದ ನೆಲದಿಂದ ಆಯ್ದು ತಂದ ಬಕೆಟ್ಟಿನಲ್ಲಿ ಇವು ಬೆರೆತಿದ್ದವು. ಅನ್ನದಲ್ಲಿ ಕಲ್ಲು.

ಹದಿನೇಳರಲ್ಲಿ ಹನ್ನೊಂದಕ್ಕೆ ಇದೇ ಕಾರಣ. ಇನ್ನೆರಡು .380 ಎಂಬ ಬೇರೆ ಜಾತಿಯ ಕೊಳವೆಗಳು. ದಪ್ಪದಲ್ಲಿ ಒಂದೇ ಎಂಬಷ್ಟು ಹತ್ತಿರ, ಉದ್ದದಲ್ಲಿ ಎರಡು ಮಿಲಿಮೀಟರು ಗಿಡ್ಡ. ಒಂದು ಸಲ ಕೇಪು ಮಗುಚಿತ್ತು. ಉಳಿದದ್ದು ಮೂರು.

ಆ ಮೂರಕ್ಕೆ ಬರುವ ಮೊದಲು ಇನ್ನೊಂದು ವಿಷಯ. ತಡೆಗೆ ಕಾರಣ ಸಿಕ್ಕಿತು ಎಂದು ಖುಷಿಪಡುತ್ತಿರುವಾಗಲೇ ನನ್ನ ಟಿಪ್ಪಣಿಯ ಕೊನೆಯ ಕಾಲಂ ಬೇರೆ ಕತೆ ಹೇಳುತ್ತಿತ್ತು. ಹಿಡಿಕೆ ಸಿಕ್ಕಿಕೊಂಡಾಗ ಅಜ್ಜ ಏನು ಮಾಡುತ್ತಾರೆ? ಒಂದೊಂದು ಸಲ ಒಂದೊಂದು. ಕೆಲವು ಸಲ ಹಿಡಿಕೆಯನ್ನು ಹಿಂದಕ್ಕೆಳೆದು, ಪೂರ್ತಿ ಕೆಳಗಿಳಿಸಿ, ಮತ್ತೆ ಮೇಲೆತ್ತಿ ದೂಡುತ್ತಾರೆ, ಎರಡನೇ ಪ್ರಯತ್ನಕ್ಕೆ ಕೂರಲಿ ಎಂದು. ತಟ್ಟೆ ತಿರುಗಿರುವುದಿಲ್ಲ. ಎರಡನೇ ಮನೆಯಲ್ಲಿ ಆಗಲೇ ಮದ್ದು ಪಡೆದು ನಿಂತ ಕೊಳವೆ ಮತ್ತೊಮ್ಮೆ ಮೇಲೆ ಹೋಗಿ ಮತ್ತೊಮ್ಮೆ ಮದ್ದು ಪಡೆಯುತ್ತದೆ. ಕೆಲವು ಸಲ ಸಿಕ್ಕಿದ್ದನ್ನು ಬಿಡಿಸಲು ತಟ್ಟೆಯನ್ನು ಅತ್ತಿತ್ತ ಅಲ್ಲಾಡಿಸುತ್ತಾರೆ. ಆಗ ಕೇಪು ಕೂತ ಇನ್ನೊಂದು ಕೊಳವೆ ಎರಡನೇ ಮನೆ ದಾಟಿ ಮೂರಕ್ಕೆ ಹೋಗಿಬಿಡುತ್ತದೆ, ಮದ್ದಿಲ್ಲದೆ. ಕಣ್ಣು ಇರುವುದು ಸಿಕ್ಕಿಕೊಂಡ ಮನೆಯ ಮೇಲೆ. ಕೆಡುತ್ತಿರುವುದು ಪಕ್ಕದ ಮನೆ.

ಯಂತ್ರ ಸರಿಪಡಿಸುವುದನ್ನು ಹೇಳಿಕೊಡುವವರು ಸಾಮಾನ್ಯವಾಗಿ ತಡೆಯನ್ನು ಹೇಗೆ ಬಿಡಿಸಬೇಕು ಎಂಬಲ್ಲಿಗೆ ಮುಗಿಸುತ್ತಾರೆ. ಬಿಡಿಸಿದ ಮರುಕ್ಷಣ ಏನು ಮಾಡಬೇಕು ಎನ್ನುವುದೇ ದೊಡ್ಡ ವಿಷಯ ಎಂದು ನನಗೆ ಅನ್ನಿಸಿದ್ದು ಅಲ್ಲಿ. ಅದಕ್ಕೊಂದು ಹಳೆಯ ನಿಯಮವಿದೆ, ಅಜ್ಜನಿಗೂ ಮೂವತ್ತು ವರ್ಷದಿಂದ ಗೊತ್ತಿದೆ: ತಡೆ ಬಂದರೆ ನಾಲ್ಕೂ ಮನೆ ಖಾಲಿ ಮಾಡು, ಮದ್ದು ಬಿದ್ದದ್ದನ್ನು ವಾಪಸು ಡಬ್ಬಿಗೆ ಸುರಿ, ಶೂನ್ಯದಿಂದ ಶುರುಮಾಡು. ಗೊತ್ತಿದ್ದೂ ಏಕೆ ಪಾಲಿಸಲಿಲ್ಲ? ನಾನು ಕೇಳಲಿಲ್ಲ, ಅವರೇ ಹೇಳಿದರು. 2020ರ ನಂತರ ಕೇಪುಗಳು ಅಂಗಡಿಗಳಿಂದ ಮಾಯವಾದವು, ಸಿಕ್ಕಲ್ಲಿ ಬೆಲೆ ಎರಡು ಮೂರು ಪಟ್ಟು. ಅರ್ಧ ಆದ ಕೆಲಸ ಬಿಸಾಡುವುದಕ್ಕೆ ಕೈ ಬರುತ್ತಿರಲಿಲ್ಲ. ಕಡಿಮೆ ತಡೆ ಇದ್ದಾಗ ನಿಯಮ ಪಾಲಿಸುವುದು ಸುಲಭ. ಇಪ್ಪತ್ತಕ್ಕೊಮ್ಮೆ ತಡೆ ಬಂದರೆ ಮನುಷ್ಯ ಅಡ್ಡದಾರಿ ಹುಡುಕುತ್ತಾನೆ.

ಅವರ ದೇಶದ್ದೇ ಒಂದು ಉದಾಹರಣೆ ನನಗೆ ಆಗ ನೆನಪಾಯಿತು. 1863ರ ಜುಲೈಯಲ್ಲಿ ಗೆಟಿಸ್‌ಬರ್ಗ್ ಕಾಳಗ ಮುಗಿದ ಮೇಲೆ ರಣರಂಗದಲ್ಲಿ ಬಿದ್ದಿದ್ದ ಕೋವಿಗಳನ್ನು ಸಂಗ್ರಹಿಸಿ ನೋಡಿದಾಗ ಸುಮಾರು 24,000 ಕೋವಿಗಳಲ್ಲಿ ಈಡು ಹಾಗೇ ಉಳಿದಿತ್ತು ಎಂದು ಆ ಕಾಲದ ಲೆಕ್ಕ ಹೇಳುತ್ತದೆ. ಅವುಗಳಲ್ಲಿ ಅರ್ಧದಷ್ಟರಲ್ಲಿ ಒಂದರ ಮೇಲೊಂದು ಎರಡು ಈಡು. ಸಾವಿರಾರು ಕೋವಿಗಳಲ್ಲಿ ಮೂರರಿಂದ ಹತ್ತು. ಒಂದರಲ್ಲಿ 23. ಬಾಯಿಯಿಂದ ತುಂಬುವ ಕೋವಿಗಳು ಅವು. ಸುತ್ತ ಸಾವಿರ ಕೋವಿ ಸಿಡಿಯುತ್ತಿರುವಾಗ ತನ್ನದು ಸಿಡಿಯಿತೋ ಇಲ್ಲವೋ ಸೈನಿಕನಿಗೆ ತಿಳಿಯಲಿಲ್ಲ, ಮತ್ತೆ ತುಂಬಿದ. ನಮ್ಮ ಕಡೆ ಕೇಪಿನ ಕೋವಿ ಹಿಡಿಯುವವರು ಇದಕ್ಕೊಂದು ಉಪಾಯ ಇಟ್ಟುಕೊಂಡಿದ್ದರು. ಗಜ ಎಂದು ಕರೆಯುವ ಸಲಾಕೆಯನ್ನು ನಳಿಗೆಗೆ ಇಳಿಬಿಟ್ಟರೆ ಅದು ಎಷ್ಟು ಹೊರಗುಳಿಯುತ್ತದೆ ಎಂಬುದರ ಮೇಲೆ ಒಳಗೆ ಈಡು ಇದೆಯೋ ಇಲ್ಲವೋ ಗೊತ್ತಾಗುತ್ತದೆ. ನೆನಪನ್ನು ಕೇಳುವ ಬದಲು ಗಜವನ್ನು ಕೇಳುವುದು.

ಮುಚ್ಚಿದ ತೋಟೆಗೆ ಇಳಿಬಿಡಲು ಗಜವಿಲ್ಲ. ಹಸ್ತಪ್ರತಿಯಲ್ಲಿ ಅನುಮಾನ ಬಂದರೆ ನಾನು ಇನ್ನೊಂದು ಪ್ರತಿ ತೆರೆಯುತ್ತೇನೆ, ಅದೂ ಇಲ್ಲಿಲ್ಲ. ತೂಗಿ ನೋಡಬಹುದಲ್ಲ ಎಂದೆ. ಅಜ್ಜ ನಕ್ಕು ಹತ್ತು ತೋಟೆಗಳನ್ನು ಒಂದೊಂದಾಗಿ ತಕ್ಕಡಿಯ ಮೇಲಿಟ್ಟರು. ಅತಿ ಹಗುರದ್ದು 182 ಗ್ರೇನ್, ಅತಿ ಭಾರದ್ದು 190. ಬೇರೆ ಬೇರೆ ತಯಾರಕರ ಹಿತ್ತಾಳೆ ಬೇರೆ ಬೇರೆ ತೂಕ. ಮದ್ದಿನ ಇಡೀ ಅಳತೆಯೇ ನಾಲ್ಕೂವರೆ ಗ್ರೇನಿನ ಆಸುಪಾಸು. ಎರಡು ಪಟ್ಟು ಮದ್ದು ಹಗುರ ಕೊಳವೆಯೊಳಗೆ ಅಡಗಿದರೆ ತಕ್ಕಡಿಗೆ ತಿಳಿಯುವುದಿಲ್ಲ. ಬಿಚ್ಚಿ ನೋಡುವುದೊಂದೇ ದಾರಿ. ಆ ಎರಡು ತಿಂಗಳಲ್ಲಿ ಮಾಡಿ ಡಬ್ಬಿಗಳಲ್ಲಿ ಇಟ್ಟಿದ್ದ ತೋಟೆಗಳು 580.

ಈಗ ಆ ಮೂರು. ಮೂರೂ ಕಡೆ ಕೊಳವೆಯಲ್ಲಿ ದೋಷ ಇರಲಿಲ್ಲ, ಯಂತ್ರದಲ್ಲೂ ಇರಲಿಲ್ಲ. ಹಿಡಿಕೆ ದೂಡಿ, ಕೇಪು ಕೂರಿಸಿ, ತಟ್ಟೆ ತಿರುಗಿಸುವುದನ್ನು ಅವರು ಮರೆತಿದ್ದರು. ಮತ್ತೆ ಎಳೆದು ದೂಡಿದಾಗ ಹಿಡಿಕೆ ನಿಂತಿತ್ತು. ಸ್ಟೂಲಿನ ಮೇಲಿಂದ ನನಗೆ ಸ್ಪಷ್ಟವಾಗಿ ಕಾಣಿಸುತ್ತಿತ್ತು, ಅವರಿಗೆ ಗೊತ್ತಾಗುತ್ತಿರಲಿಲ್ಲ. ಮೂರೂ ಒಂಬತ್ತು ಗಂಟೆಯ ನಂತರದವು. ಮೊದಲನೆಯದನ್ನು ಕಂಡಾಗ ಪೆನ್ನು ಒಂದು ಕ್ಷಣ ಹಿಡಿದಲ್ಲೇ ಇತ್ತು. ಬರೆಯದೆ ಬಿಟ್ಟರೆ ಹದಿನಾಲ್ಕು ತಡೆ, ಹದಿನಾಲ್ಕಕ್ಕೂ ವಿವರಣೆ, ಅಜ್ಜನ ತಲೆ ನಿರ್ದೋಷಿ. ಮಗಳಿಗೆ ಭಾನುವಾರ ಹೇಳಲು ಒಳ್ಳೆಯ ಸುದ್ದಿ. ಆದರೆ ಅವರು ಕೇಳಿದ್ದು ಒಳ್ಳೆಯ ಸುದ್ದಿಯನ್ನಲ್ಲ. ಗಂಟೆ, ಎಳೆತದ ಸಂಖ್ಯೆ, ‘ತಟ್ಟೆ ತಿರುಗಿಸಿಲ್ಲ’ ಎಂದು ಬರೆದೆ. ಉಳಿದೆರಡನ್ನೂ ಬರೆದೆ.

ಮೂರನೇ ಸಂಜೆ ಹಾಳೆಗಳನ್ನು ಅವರ ಮುಂದಿಟ್ಟು ಸಾಲು ಸಾಲಾಗಿ ಓದಿ ಹೇಳಿದೆ. ನೇಟೊ ಗುರುತಿನ ಹನ್ನೊಂದು ಬಂದಾಗ ಮೇಜು ಕುಟ್ಟಿ ನಕ್ಕರು. ಆ ಮೂರು ಸಾಲುಗಳನ್ನು ನಾನು ದನಿ ಬದಲಿಸದೆ ಓದಲು ಪ್ರಯತ್ನಿಸಿದೆ. ಅವರು ಕನ್ನಡಕ ಹಾಕಿಕೊಂಡು ಹಾಳೆಯನ್ನು ತಮ್ಮ ಕಡೆ ಎಳೆದುಕೊಂಡರು. ಒಂದೊಂದರ ಮೇಲೂ ಬೆರಳಿಟ್ಟು ಗಂಟೆಯನ್ನು ಓದಿದರು. ಬಹಳ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ, ಈ ಹಾಳೆ ನಾನೇ ಇಟ್ಟುಕೊಳ್ಳಲೇ ಎಂದು ಕೇಳಿದರು.

580 ತೋಟೆ ಬಿಚ್ಚುವುದು ಹುಡುಗಾಟವಲ್ಲ. ಸುತ್ತಿಗೆಯ ಆಕಾರದ, ಟೊಳ್ಳು ತಲೆಯ ಪ್ಲಾಸ್ಟಿಕ್ ಉಪಕರಣವೊಂದಿದೆ. ತೋಟೆಯನ್ನು ಅದರ ತಲೆಗೆ ಸಿಕ್ಕಿಸಿ ಮರದ ದಿಮ್ಮಿಯ ಮೇಲೆ ಕುಟ್ಟಿದರೆ ಕೊಳವೆ ನಿಲ್ಲುತ್ತದೆ, ಗುಂಡು ತನ್ನ ಜಡತ್ವದಿಂದ ಮುಂದಕ್ಕೆ ಹೋಗಿ ಕಳಚುತ್ತದೆ, ಜೊತೆಗೆ ಮದ್ದು. ಒಂದಕ್ಕೆ ಎರಡೋ ಮೂರೋ ಪೆಟ್ಟು. ಪ್ರತಿಯೊಂದರ ಮದ್ದನ್ನು ತೂಗಬೇಕು. ಅವರ ಬಲ ಭುಜದಲ್ಲಿ ಹಳೆಯ ನೋವಿದೆ. ಇಪ್ಪತ್ತೆಂಟರ ನನ್ನ ಭುಜಗಳು ಎರಡೂ ಗಟ್ಟಿಯಾಗಿ ಸ್ಟೂಲಿನ ಮೇಲೆ ಕೂತಿದ್ದವು. ಅವರು ಕುಟ್ಟುವುದು, ತೂಗುವುದು, ಸಂಖ್ಯೆ ಹೇಳುವುದು, ನಾನು ಬರೆಯುವುದು. ಸಂಜೆಗೆ ನೂರರಂತೆ. ಹೊರಗೆ ಹಿಮ. ಮಧ್ಯೆ ಮಧ್ಯೆ ಅವರು ಹೆಂಡತಿಯ ಬಗ್ಗೆ ಹೇಳುತ್ತಿದ್ದರು, ಕೆಲವನ್ನು ಎರಡೆರಡು ಸಲ.

ನಾಲ್ಕನೇ ಸಂಜೆ, 391ನೆಯದು. ತಕ್ಕಡಿ 9.1 ಎಂದು ತೋರಿಸಿತು. ಅವರು ಮದ್ದನ್ನು ತೆಗೆದು, ತಕ್ಕಡಿಯನ್ನು ಶೂನ್ಯಕ್ಕೆ ತಂದು, ಮತ್ತೆ ಸುರಿದರು. 9.1. ನನ್ನನ್ನು ನೋಡಲಿಲ್ಲ. ಪಿಸ್ತೂಲು ಹಿಡಿಯುವ ಕೈಯನ್ನು ತೊಡೆಯ ಮೇಲಿಟ್ಟು ಅದನ್ನೇ ನೋಡಿದರು, ಬೆರಳುಗಳನ್ನು ಒಮ್ಮೆ ಬಿಚ್ಚಿ ಮಡಚಿದರು. ನಾನು 391ರ ಮುಂದೆ ಸಂಖ್ಯೆ ಬರೆದು ಕೆಳಗೆ ಗೆರೆ ಎಳೆದೆ. ಉಳಿದ 189ರಲ್ಲಿ ಮದ್ದಿಲ್ಲದ್ದು ಇನ್ನೊಂದು ಸಿಕ್ಕಿತು. ಎರಡು ಪಟ್ಟಿನದು ಮತ್ತೆ ಸಿಗಲಿಲ್ಲ.

ಆ ಭಾನುವಾರ ಮಗಳ ಫೋನ್ ಬರುವ ಮುಂಚೆಯೇ ಅವರು ತಾವೇ ಮಾಡಿದರು. ಏನು ಮಾತಾಡಿದರೋ ನನಗೆ ಗೊತ್ತಿಲ್ಲ, ಅಡುಗೆಮನೆಯ ಬಾಗಿಲು ಹಾಕಿತ್ತು. ಪ್ರೆಸ್ಸನ್ನು ಮಾರಲಿಲ್ಲ, ಅದರ ಮೇಲೊಂದು ಬೆಡ್‌ಶೀಟು ಹೊದಿಸಿದ್ದಾರೆ. ಮೇಜಿನ ಇನ್ನೊಂದು ತುದಿಗೆ ಅವರ ತಂದೆಯ ಕಾಲದ ಪ್ರೆಸ್ಸೊಂದನ್ನು ತಂದು ಬಿಗಿದಿದ್ದಾರೆ. ಅದರಲ್ಲಿ ಒಂದು ಸಲಕ್ಕೆ ಒಂದೇ ಕೊಳವೆ, ಒಂದೇ ಕೆಲಸ. ಐವತ್ತು ಕೊಳವೆಗಳಿಗೆ ಕೇಪು ಕೂರಿಸಿ ಮುಗಿಸಿ, ಐವತ್ತನ್ನೂ ತೂತುಗಳಿರುವ ಮರದ ಹಲಗೆಯಲ್ಲಿ ಸಾಲಾಗಿ ನಿಲ್ಲಿಸಿ, ಐವತ್ತಕ್ಕೂ ಮದ್ದು ಹಾಕಿ, ಟಾರ್ಚು ಹಿಡಿದು ಮೇಲಿನಿಂದ ಐವತ್ತರ ಹೊಟ್ಟೆಯನ್ನೂ ನೋಡಿ, ಆಮೇಲೆ ಗುಂಡು. ಎದ್ದು ಹೋಗಿ ಊಟ ಮಾಡಿ ಬಂದರೂ ಎಲ್ಲಿಗೆ ನಿಂತಿತ್ತು ಎಂದು ಹಲಗೆಯೇ ಹೇಳುತ್ತದೆ. ಗಂಟೆಗೆ ನಲವತ್ತೋ ಐವತ್ತೋ. ನಿಧಾನ, ಬೇಜಾರು ಎಂದು ಬೈದುಕೊಳ್ಳುತ್ತಾರೆ. ಒಂಬತ್ತು ಗಂಟೆಯಾದರೆ ದೀಪ ಆರಿಸುತ್ತಾರೆ.

ಕೊಳವೆಗಳನ್ನು ಬೇರ್ಪಡಿಸುವ ಕೆಲಸ ಮಾತ್ರ ಇನ್ನೂ ಇದೆ, ಬೇಸಿಗೆಯ ಬಕೆಟ್ಟು ಅರ್ಧ ಖಾಲಿಯಾಗಿದೆ ಅಷ್ಟೆ. ಅವರು ಅಗಲದ ತಟ್ಟೆಯಲ್ಲಿ ನೂರು ನೂರು ಬುಡ ಮೇಲಾಗಿ ನಿಲ್ಲಿಸುತ್ತಾರೆ. ನಾನು ಕೈ ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗಿ ಓದುತ್ತೇನೆ: ಮೂರನೇ ಸಾಲು, ಎಡದಿಂದ ಏಳು, ವೃತ್ತದಲ್ಲಿ ಅಡ್ಡಗೆರೆ. ಅವರು ಎತ್ತಿ ಪಕ್ಕದ ಡಬ್ಬಿಗೆ ಹಾಕುತ್ತಾರೆ. ಐದನೇ ಸಾಲು, ಬಲತುದಿ. ಕಳೆದ ಶನಿವಾರ ಆರುನೂರರಲ್ಲಿ ಮೂವತ್ತೊಂದು ಸಿಕ್ಕವು. ಒಂದನ್ನು ನಾನು ಹೇಳುವ ಮೊದಲೇ ಅವರು ಕಂಡು ಎತ್ತಿಬಿಟ್ಟರು.